ಪಾದ್ರಿಯವರ ಕೈಯಲ್ಲಿ ಎಷ್ಟು ಓಟು?

ಚುನಾವಣೆ ಘೋಷಣೆಯಾದ ವಾರದಲ್ಲೇ ನಮ್ಮ ಕಡೆ ಅಭ್ಯರ್ಥಿಗಳ ಒಂದು ಸುತ್ತು ಶುರುವಾಗುತ್ತದೆ. ಇಳಕಲ್ಲಿನಲ್ಲಾದರೆ ವಿಜಯಮಹಾಂತೇಶ ಮಠ, ಆಮೇಲೆ ಮುರ್ತುಜಾ ಖಾದ್ರಿಯವರ ದರ್ಗಾ. ಹುನಗುಂದದ ಕಡೆ ಹೊರಟವರು ಕೂಡಲಸಂಗಮಕ್ಕೆ ಹೋಗಿ ಬಸವಣ್ಣನವರ ಐಕ್ಯಸ್ಥಳದ ಮೆಟ್ಟಿಲಿಳಿದು ಬರುತ್ತಾರೆ. ಬಾದಾಮಿಯಲ್ಲಿ ಬನಶಂಕರಿಗೆ ಹಣ್ಣುಕಾಯಿ, ಶಿವಯೋಗಮಂದಿರದಲ್ಲಿ ನಮಸ್ಕಾರ. ಗುಳೇದಗುಡ್ಡಕ್ಕೆ ಬಂದವರಿಗೆ ಯಾರಾದರೂ ನೆನಪು ಮಾಡಿಕೊಟ್ಟರೆ ಬಾಸೆಲ್ ಮಿಷನ್ ಕಾಲದ ಚರ್ಚಿನ ಬಾಗಿಲಲ್ಲೂ ಎರಡು ನಿಮಿಷ ನಿಲ್ಲುತ್ತಾರೆ. ಇದೆಲ್ಲ ದೇವರ ಭಯದಿಂದ ಆಗುತ್ತದೆ ಎಂದು ನಂಬುವಷ್ಟು ಮುಗ್ಧರು ನಾವಲ್ಲ. ಗುರುಗಳ ಬೆನ್ನ ಹಿಂದೆ ಎಷ್ಟು ತಲೆಗಳಿವೆ ಎಂಬ ಲೆಕ್ಕ ಅದು.

ಒಂದು ಪ್ರಶ್ನೆಯಂತೂ ಎಲ್ಲ ಕಡೆಯೂ ಬರುತ್ತದೆ: "ನಿಮ್ಮ ಕೈಯಾಗ ಎಷ್ಟ ಓಟ ಅದಾವ್ರೀ?" ಜಮಾಅತ್ತಿನ ಮುತವಲ್ಲಿಯವರಿಗೂ ಇದೇ ಪ್ರಶ್ನೆ, ಸ್ವಾಮಿಗಳ ಆಪ್ತರಿಗೂ ಇದೇ. ಬಾದಾಮಿ ತಾಲೂಕಿನ ಹಳ್ಳಿಯೊಂದರಲ್ಲಿ ಸಣ್ಣ ಸಭೆ ನಡೆಸುತ್ತಿದ್ದ, ನಮ್ಮ ಕತೆಗಳನ್ನು ಓದಿ ಪರಿಚಯವಾದ ಪಾದ್ರಿಯೊಬ್ಬರಿಗೆ 2018ರಲ್ಲಿ ಈ ಪ್ರಶ್ನೆ ಬಂತು. ಅವರು ನಮಗೆ ಹೇಳಿದ್ದು ಹೀಗೆ: "ನಮ್ಮ ಸಭೆಯಾಗ ಸಣ್ಣವರು ದೊಡ್ಡವರು ಕೂಡಿ ಎಂಬತ್ತ ಮಂದಿ ಅದೀವ್ರೀ ಸಾಹೇಬ್ರ. ಅದರಾಗ ಓಟಿನವರು ಐವತ್ತು. ಆ ಐವತ್ತರಾಗ ನನ್ನ ಮಾತ ಕೇಳಾವರು ನಾನೊಬ್ಬ, ನನ್ನ ಹೇಣ್ತಿ ಒಬ್ಬಾಕಿ. ಆಕಿನೂ ಒಮ್ಮೊಮ್ಮೆ ಕೇಳಂಗಿಲ್ಲ."

ಆದರೂ ಅವರು ವೇದಿಕೆ ಹತ್ತಿದರು. ಹತ್ತದಿದ್ದರೆ ಏನಾದೀತೋ ಎಂಬ ಅಂಜಿಕೆ ಒಂದು, ಪ್ರಾರ್ಥನೆಯ ಜಾಗಕ್ಕೊಂದು ಕಂಪೌಂಡ್ ಗೋಡೆ ಆದೀತೆಂಬ ಆಸೆ ಇನ್ನೊಂದು. ಶಾಲು ಹೊದಿಸಿದರು, ಹಾರ ಹಾಕಿದರು, ಫೋಟೊ ತೆಗೆದರು. ಸಂಜೆಯ ಹೊತ್ತಿಗೆ ಆ ಫೋಟೊ ಊರ ಮೊಬೈಲುಗಳಲ್ಲೆಲ್ಲ ತಿರುಗಿತು. ಪ್ರಾರ್ಥನೆ ನಡೆಯುತ್ತಿದ್ದದ್ದು ಬಾಡಿಗೆ ಮನೆಯಲ್ಲಿ. ಮನೆಯ ಮಾಲೀಕರು ಇನ್ನೊಂದು ಪಕ್ಷದವರು. ಅವರು ಬೈಯಲಿಲ್ಲ, ಜಗಳ ಮಾಡಲಿಲ್ಲ. ಮಗನಿಗೆ ಮದುವೆ ಮಾಡಬೇಕು, ಮನೆ ಬಿಟ್ಟುಕೊಡಿ ಎಂದರು. ಅದಕ್ಕಿಂತ ಪಾದ್ರಿಯವರನ್ನು ನೋಯಿಸಿದ್ದು ಬೇರೆ. ಸಭೆಯ ಎರಡು ಕುಟುಂಬಗಳು ಆ ಇನ್ನೊಂದು ಪಕ್ಷದ ಜೊತೆ ಗುರುತಿಸಿಕೊಂಡಿದ್ದವು. ಅವರು ಭಾನುವಾರ ಬರುವುದನ್ನೇ ನಿಲ್ಲಿಸಿದರು. "ದೇವರ ಮನಿಗೆ ಬರಾವರು ಅವರು. ಅಲ್ಲಿ ನನ್ನ ಪಕ್ಷ ಕುಂತಿತ್ತು ನೋಡ್ರಿ" ಎಂದರು. ಗೋಡೆ ಆಯಿತೇ ಎಂದು ನಾವು ಕೇಳಲಿಲ್ಲ.

ಒಂದೇ ಕೆಲಸಕ್ಕೆ ನಮ್ಮ ಕಡೆ ಮೂರು ಹೆಸರುಗಳಿವೆ. ಮಠದ ಸ್ವಾಮಿಗಳು ವೇದಿಕೆ ಹತ್ತಿದರೆ ಅದು ಆಶೀರ್ವಾದ. ಮೌಲವಿ ಹತ್ತಿದರೆ ಓಟ್ ಬ್ಯಾಂಕು. ಪಾದ್ರಿ ಹತ್ತಿದರೆ ಮತಾಂತರದ ಸಂಚು. 2017ರ ನವೆಂಬರ್‌ನಲ್ಲಿ ಗುಜರಾತ್ ಚುನಾವಣೆಯ ಹೊತ್ತಿಗೆ ಗಾಂಧಿನಗರದ ಆರ್ಚ್‌ಬಿಷಪ್ ಥಾಮಸ್ ಮ್ಯಾಕ್ವಾನ್ ಒಂದು ಪತ್ರ ಬರೆದು, ದೇಶವನ್ನು ಉಗ್ರ ರಾಷ್ಟ್ರವಾದದಿಂದ ಕಾಪಾಡಲು ಪ್ರಾರ್ಥಿಸಿ ಎಂದಿದ್ದಕ್ಕೆ ಚುನಾವಣಾ ಅಧಿಕಾರಿಗಳಿಂದ ನೋಟಿಸು ಬಂತು. ಮರು ವರ್ಷ ಮೇ ತಿಂಗಳಲ್ಲಿ ದೆಹಲಿಯ ಆರ್ಚ್‌ಬಿಷಪ್ ಅನಿಲ್ ಕೂಟೊ ಅವರು ಪ್ರಾರ್ಥನೆ, ಉಪವಾಸ ಮಾಡಿ ಎಂದು ಬರೆದದ್ದಕ್ಕೂ ದೊಡ್ಡ ಗದ್ದಲವಾಯಿತು. ಅದೇ 2018ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಲಿಂಗಾಯತ ಸ್ವಾಮಿಗಳು ಸಭೆ ಸೇರಿ, ಪ್ರತ್ಯೇಕ ಧರ್ಮದ ಶಿಫಾರಸು ಮಾಡಿದ ಕಾಂಗ್ರೆಸ್ಸಿಗೆ ಬೆಂಬಲ ಎಂದು ಬಹಿರಂಗವಾಗಿಯೇ ಹೇಳಿದರು. ಕೂಡಲಸಂಗಮದ ಬಸವಧರ್ಮ ಪೀಠದ ಮಾತೆ ಮಹಾದೇವಿಯವರು ಅದರ ಮುಂಚೂಣಿಯಲ್ಲಿದ್ದರು. ಇದನ್ನು ಒಪ್ಪದ ಸ್ವಾಮಿಗಳೂ ಬೇಕಾದಷ್ಟು ಇದ್ದರು, ಅವರೂ ಸುಮ್ಮನಿರಲಿಲ್ಲ. ಯಾರ ಪ್ರಾರ್ಥನೆಗೆ ನೋಟಿಸು, ಯಾರ ಅಪ್ಪಣೆಗೆ ಹಾರ ಎಂಬುದನ್ನು ಓದುಗರು ಗಮನಿಸಿರಬಹುದು.

ಆ ಬೆಂಬಲದಿಂದ ಆದದ್ದಾದರೂ ಏನು? ಬಾಗಲಕೋಟೆ ಜಿಲ್ಲೆಯಲ್ಲಿ ಏಳು ಕ್ಷೇತ್ರಗಳು. ಬಿಜೆಪಿ ಐದನ್ನು ಗೆದ್ದಿತು, ಕಾಂಗ್ರೆಸ್ಸಿಗೆ ಬಂದದ್ದು ಎರಡು. ಕೂಡಲಸಂಗಮ ಇರುವ ಹುನಗುಂದ ಕ್ಷೇತ್ರವೇ ಕಾಂಗ್ರೆಸ್ಸಿನ ಕೈ ತಪ್ಪಿತು. ಬಾದಾಮಿಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಶ್ರೀರಾಮುಲು ಎದುರು ಗೆದ್ದದ್ದು ಬರೀ 1,696 ಓಟುಗಳಿಂದ. ಆ ಹದಿನೈದು ದಿನ ಬಾದಾಮಿಯ ಚಹಾದಂಗಡಿಗಳಲ್ಲಿ ಕುರುಬರು ಇಷ್ಟು, ವಾಲ್ಮೀಕಿಗಳು ಇಷ್ಟು, ಲಿಂಗಾಯತರು ಇಷ್ಟು, ಮುಸ್ಲಿಮರು ಇಷ್ಟು ಎಂಬ ಲೆಕ್ಕ ಬಿಟ್ಟು ಬೇರೆ ಮಾತೇ ಇರಲಿಲ್ಲ. ಕ್ರೈಸ್ತರ ಹೆಸರು ಆ ಲೆಕ್ಕದಲ್ಲಿ ಬರುವುದೇ ಅಪರೂಪ. ಇಷ್ಟು ಕಡಿಮೆ ಅಂತರದಲ್ಲಿ ಗೆದ್ದ ಮೇಲೆ ನಮ್ಮಿಂದಲೇ ಗೆದ್ದರು ಎಂದು ಹೇಳಿಕೊಳ್ಳದ ಸಮುದಾಯದ ಮುಖಂಡನೇ ಉಳಿಯಲಿಲ್ಲ.

ಹೀಗೆ ಗುರುಗಳ ಕೈಯಲ್ಲಿ ಓಟುಗಳೇ ಇಲ್ಲವಾದರೆ ತಲೆ ಕೆಡಿಸಿಕೊಳ್ಳುವುದೇಕೆ? ಅವರ ಹಿಂದೆ ಓಟುಗಳಿವೆ ಎಂದು ನಂಬಿದ ಸರಕಾರಗಳು ಮಾಡುವ ಕೆಲಸ ಸುಳ್ಳಲ್ಲವಲ್ಲ, ಅದಕ್ಕೆ. ಕೂಡಲಸಂಗಮದ ಪಂಚಮಸಾಲಿ ಪೀಠದ ಬಸವ ಜಯಮೃತ್ಯುಂಜಯ ಸ್ವಾಮಿಗಳು 2021ರ ಜನವರಿ 14ರಂದು ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಅವರು ಕೇಳಿದ್ದು 2ಎ ಮೀಸಲಾತಿ. ಪಂಚಮಸಾಲಿಗಳಲ್ಲಿ ಬಡ ರೈತರು ಬಹಳ. ಕೇಳುವುದು ತಪ್ಪೆಂದು ನಾವು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ಸ್ವಾಮಿಗಳು ಮುಸ್ಲಿಮರ ಪಾಲನ್ನು ಕೇಳಿರಲಿಲ್ಲ ಎಂಬುದೂ ನಿಜ. ಆದರೆ ಚುನಾವಣೆ ಹತ್ತಿರ ಬಂದಾಗ, 2023ರ ಮಾರ್ಚ್ 24ರಂದು, ಅಂದಿನ ಸರಕಾರ 2ಬಿಯಲ್ಲಿದ್ದ ಮುಸ್ಲಿಮರ ಶೇ. 4ನ್ನು ತೆಗೆದು ಒಕ್ಕಲಿಗರಿಗೆ ಎರಡು, ಲಿಂಗಾಯತರಿಗೆ ಎರಡು ಎಂದು ಹಂಚಿತು. ಇಳಕಲ್ಲಿನ ನೇಕಾರರ, ಗ್ರಾನೈಟ್ ಕಾರ್ಖಾನೆಯಲ್ಲಿ ದುಡಿಯುವವರ ಮಕ್ಕಳು ಆ ಹೊತ್ತಿಗೆ ಪಿಯುಸಿ ಪರೀಕ್ಷೆ ಬರೆಯುತ್ತಿದ್ದರು. ಮುಂದಿನ ತಿಂಗಳು ಸುಪ್ರೀಂ ಕೋರ್ಟಿನ ಮುಂದೆ ಸರಕಾರವೇ ಆ ಆದೇಶವನ್ನು ಸದ್ಯಕ್ಕೆ ಜಾರಿ ಮಾಡುವುದಿಲ್ಲ ಎಂದಿತು, 2ಬಿ ಉಳಿಯಿತು. ಆದರೆ ಓಟಿನ ತಕ್ಕಡಿ ತೂಗಲು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಹಾಕುವುದು ಎಷ್ಟು ಸುಲಭ ಎಂಬುದನ್ನು ಆ ಮಕ್ಕಳೂ ಕಂಡರು.

ಆ ಪೀಠದ ಕತೆಯೂ ಅಲ್ಲಿಗೇ ನಿಲ್ಲಲಿಲ್ಲ. 2023ರಲ್ಲಿ ಹುನಗುಂದದಿಂದ ಶಾಸಕರಾದ ವಿಜಯಾನಂದ ಕಾಶಪ್ಪನವರ ಅವರೇ ಅಧ್ಯಕ್ಷರಾಗಿದ್ದ ಟ್ರಸ್ಟು, 2025ರ ಸೆಪ್ಟೆಂಬರ್‌ನಲ್ಲಿ ಸ್ವಾಮಿಗಳನ್ನು ಪೀಠದಿಂದ ಉಚ್ಚಾಟಿಸಿದ್ದಾಗಿ ಪ್ರಕಟಿಸಿತು. ಯಾರದು ಸರಿ, ಯಾರದು ತಪ್ಪು ಎಂದು ತೀರ್ಪು ಕೊಡಲು ಹೊರಗಿನವರಾದ ನಾವು ಯಾರೂ ಅಲ್ಲ. ರಾಜಕಾರಣಿಯ ಪಕ್ಕದಲ್ಲಿ ಹಾಕಿದ ಕುರ್ಚಿಯನ್ನು ತೆಗೆಯುವ ಅಧಿಕಾರವೂ ರಾಜಕಾರಣಿಗೇ ಸೇರುತ್ತದೆ ಎಂದು ಮಾತ್ರ ನಮಗೆ ಅನ್ನಿಸಿತು. ಬಾಡಿಗೆ ಮನೆ ಕಳೆದುಕೊಂಡ ಪಾದ್ರಿಯವರಿಗೂ ಪೀಠ ಕಳೆದುಕೊಂಡ ಸ್ವಾಮಿಗಳಿಗೂ ಎಲ್ಲಿಗೆಲ್ಲಿಯ ಹೋಲಿಕೆ ಎನ್ನುವವರು ಎನ್ನಲಿ.

ಹಾಗಾದರೆ ಧರ್ಮಗುರುಗಳು ಬಾಯಿ ಮುಚ್ಚಿಕೊಂಡಿರಬೇಕೇ? ಕಾನೂನು ಹಾಗೆ ಹೇಳುವುದಿಲ್ಲ, ಮತ್ತು ಕಾನೂನು ಇಲ್ಲಿ ನಮ್ಮ ಜನ ತಿಳಿದದ್ದಕ್ಕಿಂತ ಹೆಚ್ಚು ವಿವೇಕದಿಂದ ಮಾತಾಡುತ್ತದೆ. 1959ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಮೊಕದ್ದಮೆ ಬಂದಿತ್ತು. ಆಗ ಪಂಜಾಬಿನಲ್ಲಿದ್ದ ಸಿರ್ಸಾ ಕ್ಷೇತ್ರದಲ್ಲಿ ನಾಮಧಾರಿ ಸಿಖ್ಖರ ಗುರುಗಳು, ರಾಮ್ ದಯಾಳ್ ಎಂಬ ಅಭ್ಯರ್ಥಿಗೆ ಓಟು ಹಾಕಿರೆಂದು ಅನುಯಾಯಿಗಳಿಗೆ ಹುಕುಂ ಹೊರಡಿಸಿದ್ದರು. ಇಬ್ಬರು ಅಭ್ಯರ್ಥಿಗಳಲ್ಲಿ ಯಾರು ಮೇಲು ಎಂದು ತನ್ನ ಅಭಿಪ್ರಾಯ ಹೇಳುವ, ಬೆಂಬಲ ಕೇಳುವ ಹಕ್ಕು ಧರ್ಮಗುರುವಿಗೂ ಇದೆ ಎಂದಿತು ಕೋರ್ಟು. ಆದರೆ ಮಾತು ಮೀರಿದರೆ ದೇವರ ಕೋಪಕ್ಕೆ ಗುರಿಯಾಗುತ್ತೇವೆಂದು ಭಕ್ತ ನಂಬುವಂತೆ, ಅವನಿಗೆ ಆಯ್ಕೆಯೇ ಉಳಿಯದಂತೆ ಹೇಳಿದರೆ ಅದು ಅನುಚಿತ ಪ್ರಭಾವ. ಆ ಆಯ್ಕೆ ರದ್ದಾಯಿತು. ಧರ್ಮ, ಜಾತಿಯ ಹೆಸರಲ್ಲಿ ಓಟು ಕೇಳುವುದನ್ನು ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮು ಮೊದಲೇ ತಡೆದಿತ್ತು; 2017ರ ಜನವರಿ 2ರಂದು ಏಳು ನ್ಯಾಯಮೂರ್ತಿಗಳ ಪೀಠ ನಾಲ್ಕು-ಮೂರರ ಬಹುಮತದಿಂದ, ಓಟು ಹಾಕುವವನ ಧರ್ಮದ ಹೆಸರು ಹೇಳಿ ಕೇಳುವುದೂ ಅದರಲ್ಲಿ ಸೇರುತ್ತದೆ ಎಂದಿತು. ಮಸೀದಿ, ಚರ್ಚು, ಮಠದ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸಬಾರದೆಂದು 1988ರ ಕಾಯ್ದೆಯೊಂದು ಬೇರೆಯೇ ಇದೆ. ನಮ್ಮಲ್ಲಿ ಎಷ್ಟು ಜನ ಮುತವಲ್ಲಿಗಳು ಅದರ ಹೆಸರು ಕೇಳಿದ್ದಾರೋ! ಅಮೆರಿಕದಲ್ಲಿ ಇದು ತಿರುಗಿ ನಿಂತಿದೆ. ತೆರಿಗೆ ವಿನಾಯಿತಿ ಪಡೆಯುವ ಚರ್ಚುಗಳು ಅಭ್ಯರ್ಥಿಯ ಪರ ನಿಲ್ಲಬಾರದೆಂಬ 1954ರ ನಿಯಮ, ಆರಾಧನೆಯ ವೇಳೆ ಪಾದ್ರಿ ತನ್ನ ಸಭೆಗೆ ಹೇಳುವ ಮಾತಿಗೆ ಅನ್ವಯಿಸುವುದಿಲ್ಲ ಎಂದು ಅಲ್ಲಿನ ತೆರಿಗೆ ಇಲಾಖೆಯೇ 2025ರ ಜುಲೈಯಲ್ಲಿ ಕೋರ್ಟಿಗೆ ಬರೆದುಕೊಟ್ಟಿತು.

ನಮ್ಮ ಕೌಮಿನ ಮಾತನ್ನೂ ಆಡದೆ ಮುಂದೆ ಹೋದರೆ ನ್ಯಾಯವಲ್ಲ. ದೆಹಲಿಯ ಜಾಮಾ ಮಸೀದಿಯ ಇಮಾಮ್ ಅಬ್ದುಲ್ಲಾ ಬುಖಾರಿಯವರು 1977ರಲ್ಲಿ ಜನತಾ ಪಕ್ಷದ ಪರ ನಿಂತರು. ತುರ್ತುಪರಿಸ್ಥಿತಿಯ ನಸಬಂದಿ, ತುರ್ಕ್‌ಮನ್ ಗೇಟಿನ ನೋವು ಹಸಿಯಾಗಿದ್ದ ಕಾಲ. ಅಂದು ಅವರ ಬಾಯಲ್ಲಿ ಬಂದದ್ದು ಜನರ ಮಾತೇ. 1980ರ ಹೊತ್ತಿಗೆ ಅವರು ಕಾಂಗ್ರೆಸ್ಸಿನ ಪರ. ಅವರ ಮಗ ಅಹ್ಮದ್ ಬುಖಾರಿಯವರು 2004ರಲ್ಲಿ ಬಿಜೆಪಿಗೆ, 2014ರಲ್ಲಿ ಕಾಂಗ್ರೆಸ್ಸಿಗೆ ಓಟು ಹಾಕಿ ಎಂದರು. ಎರಡು ಸಲವೂ ಆ ಪಕ್ಷಗಳು ಸೋತವು. ಮುಸಲ್ಮಾನರು ಇಮಾಮರ ಮಾತು ಕೇಳಿ ಓಟು ಹಾಕುತ್ತಾರೆ ಎಂಬ ಆರೋಪ ಮಾತ್ರ ಸೋಲಲಿಲ್ಲ, ಅದು ನಮ್ಮ ತಲೆಗೆ ಅಂಟಿತು.

ಬಾಗಲಕೋಟೆಯ ಮತದಾರ ಯಾರ ಜೇಬಿನವನೂ ಅಲ್ಲ ಎಂಬುದಕ್ಕೆ ಹಳೆಯ ಸಾಕ್ಷಿಯೊಂದಿದೆ. 1991ರಲ್ಲಿ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಇಲ್ಲಿಂದ ಲೋಕಸಭೆಗೆ ನಿಂತಿದ್ದರು. ಅಷ್ಟು ದೊಡ್ಡ ಹೆಸರನ್ನು ಸೋಲಿಸಿದವರು ಸಿದ್ದು ನ್ಯಾಮಗೌಡ. ರೈತರನ್ನು ಕೂಡಿಸಿ, ರೈತರ ಹಣ ಮತ್ತು ಬೆವರಿನಿಂದಲೇ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿಸಿದವರು. ಜನ ಗುರುಗಳ ಆಶೀರ್ವಾದ ನೋಡಲಿಲ್ಲ, ಹೊಲಕ್ಕೆ ಬಂದ ನೀರು ನೋಡಿದರು.

ಧರ್ಮದ ಜಾಗದಲ್ಲಿ ಕೂತೇ ಜನರ ನಡುವೆ ಕೆಲಸ ಮಾಡಿದವರೂ ನಮ್ಮ ಸೀಮೆಯಲ್ಲೇ ಇದ್ದರು. ಇಳಕಲ್ ಮಠದ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಅವರು ಬೇಡಿದ್ದು ಕಾಳಲ್ಲ, ಕಾಸಲ್ಲ. ನಿಮ್ಮ ಕುಡಿತ, ನಿಮ್ಮ ಬೀಡಿ, ನಿಮ್ಮ ಗುಟ್ಕಾ ಇದರಲ್ಲಿ ಹಾಕಿ ಎಂದರು. ನಮ್ಮ ಓಣಿಯ ಮುಸ್ಲಿಮರೂ ಹಾಕಿದರು. ಮಹಾಂತ ಜೋಳಿಗೆ ಎಂದು ನಾಡೆಲ್ಲ ಹೆಸರಾಯಿತು. ಅವರು ತೀರಿಕೊಂಡದ್ದು 2018ರ ಮೇ ತಿಂಗಳಲ್ಲಿ, ಬಾದಾಮಿಯ 1,696ರ ಲೆಕ್ಕ ಬಂದ ಕೆಲವೇ ದಿನಗಳಲ್ಲಿ. ಇನ್ನು ಪಾದ್ರಿಯೆಂದರೆ ಉತ್ತಂಗಿ ಚೆನ್ನಪ್ಪನವರು. ಉರ್ದು ಶಾಲೆ ಮುಗಿಸಿ ಕನ್ನಡ ಶಾಲೆಗೆ ಸೇರಿದಾಗ ನಾವು ಕಲಿತ ಸರ್ವಜ್ಞನ ತ್ರಿಪದಿಗಳನ್ನು ಊರೂರು ತಿರುಗಿ ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದವರು ಬಾಸೆಲ್ ಮಿಷನ್ನಿನ ಈ ಪಾದ್ರಿ ಎಂದು ನಮ್ಮ ಮಾಸ್ತರು ಹೇಳಿದಾಗ ನಮಗೆ ನಂಬಿಕೆಯೇ ಆಗಿರಲಿಲ್ಲ. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದ ಕನ್ನಡಿಗರು, ನಿಮ್ಮ ಸಭೆಯಲ್ಲಿ ಎಷ್ಟು ಜನ ಇದ್ದೀರಿ ಎಂದು ಕೇಳಿರಲಾರರು.

ಗುರುಗಳ ಮೂಲಕ ಹೋಗುವ ಬೇಡಿಕೆಗಳ ಪಟ್ಟಿಯನ್ನು ನೋಡಬೇಕು. ಮಸೀದಿಯಿಂದ ಹೋದದ್ದರಲ್ಲಿ ಕಂಪೌಂಡು, ಬೋರ್‌ವೆಲ್ಲು, ಖಬರಸ್ತಾನದ ಗೇಟು, ಶಾದಿಮಹಲ್. ಮಠದಿಂದ ಹೋದರೆ ಸಮುದಾಯ ಭವನ. ಚರ್ಚಿನಿಂದ ಹೋದರೆ ಮತ್ತೆ ಕಂಪೌಂಡು, ಸಮಾಧಿ ಜಾಗ. ಯಾಕೆಂದರೆ ಗುರುಗಳಿಗೆ ಕಾಣುವುದು ತಮ್ಮ ಆವರಣ. ಗುಳೇದಗುಡ್ಡದಲ್ಲಿ ಖಣ ನೇಯುವ ಕ್ರೈಸ್ತನ ಮಜೂರಿ, ಇಳಕಲ್ ಸೀರೆ ನೇಯುವ ಮುಸಲ್ಮಾನನ ನೂಲಿನ ರೇಟು, ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ಬಾಗಲಕೋಟೆಯ ನವನಗರಕ್ಕೆ ಬಂದವನ ಪರಿಹಾರ, ಉರ್ದು ಶಾಲೆಗೆ ಬೇಕಾದ ಮಾಸ್ತರರು ಆ ಪಟ್ಟಿಯಲ್ಲಿ ಬರುವುದಿಲ್ಲ. ಪಟ್ಟಿ ಬರೆಯುವ ಸಭೆಗೆ ಹೆಣ್ಣುಮಕ್ಕಳನ್ನಂತೂ ಯಾವ ಧರ್ಮದವರೂ ಕರೆಯುವುದಿಲ್ಲ.

2023ರ ಚುನಾವಣೆಯಲ್ಲಿ ನಮ್ಮ ಓಣಿಗೆ ಅಭ್ಯರ್ಥಿಯೊಬ್ಬರ ಕಡೆಯ ಹುಡುಗ ನೋಟ್‌ಬುಕ್ ಹಿಡಿದು ಬಂದಿದ್ದ. ಕಂಡಿಕೆ ಸುತ್ತುತ್ತಾ ಕೂತಿದ್ದ ನಮ್ಮ ಖಾಲಾ ಮತ್ತು ಪಕ್ಕದ ಮನೆಯ ದೇವಾಂಗದ ಅಕ್ಕ ಅವನನ್ನು ಬಿಡಲಿಲ್ಲ. ಓಣಿಗೆ ಹೆಣ್ಣುಮಕ್ಕಳ ಪಾಯಖಾನೆ ಬೇಕು, ಕಂಡಿಕೆ ಸುತ್ತುವ ಮಜೂರಿ ಏರಬೇಕು, ಬರೆದುಕೋ ಎಂದರು. ಹುಡುಗ ಪುಟ ತಿರುವಿದ. ಅವನ ನೋಟ್‌ಬುಕ್ಕಿನಲ್ಲಿ ಸಮಾಜಕ್ಕೊಂದು ಪುಟ, ಪುಟದ ಮೇಲೆ ಗುರುಗಳ ಅಥವಾ ಮುಖಂಡರ ಹೆಸರು, ಅದರ ಕೆಳಗೆ ಓಟು. ಅವನು ಪೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತು ಕೇಳಿದ:

"ಇದನ್ನ ಯಾರ ಹೆಸರಿಗೆ ಬರಕೋಬೇಕ್ರೀ ಅಮ್ಮಾ?"

"ಬರಿ, ಹಸೀನಾ ಮತ್ತ ನೀಲವ್ವ ಅಂತ" ಎಂದರು ಖಾಲಾ.

ಅವನು ಕೊನೆಯ ಪುಟದಲ್ಲಿ ಬರೆದುಕೊಂಡ.