ಕಾವಲಿನ ತಂತಿ

ಮೇಜಿನ ಮೇಲೆ ಓಡುವ ಪುಟ್ಟ ರೈಲು ನೋಟಕ್ಕೆ ಆಟಿಕೆ. ಆದರೆ ಅದರ ಹಳಿಗಳಲ್ಲಿ ಹರಿಯುವುದು ನಿಜವಾದ ವಿದ್ಯುತ್ತು. ‘ಎಚ್‌ಓ’ ಮಾದರಿಯಲ್ಲಿ ಎರಡು ಹಳಿಗಳ ನಡುವಣ ಅಂತರ ಕೇವಲ 16.5 ಮಿಲಿಮೀಟರು. ಹಳಿ ತಪ್ಪಿದ ಗಾಲಿಯೊಂದು ಎರಡನ್ನೂ ಮುಟ್ಟಿತೆಂದರೆ ವಿದ್ಯುತ್ತು ಎಂಜಿನಿನ ದಾರಿಯನ್ನು ಬಿಟ್ಟು ಆ ಅಡ್ಡದಾರಿಯಲ್ಲಿ ಉಕ್ಕಿ ಹರಿಯುತ್ತದೆ. ಇದೇ ಶಾರ್ಟ್ ಸರ್ಕ್ಯೂಟ್. ಗಾಲಿ ಕಾಯುತ್ತದೆ, ಪ್ಲಾಸ್ಟಿಕ್ಕು ಕರಗುತ್ತದೆ. ಎಂಜಿನಿನೊಳಗಿನ ಪುಟ್ಟ ಎಲೆಕ್ಟ್ರಾನಿಕ್ ಫಲಕ ಸುಟ್ಟುಹೋಗಲೂಬಹುದು.

ಈ ಅನಾಹುತವನ್ನು ತಡೆಯಲು ಪ್ರವಾಹದ ದಾರಿಯಲ್ಲೇ ನಿಲ್ಲುವ ಕಾವಲುಗಾರ ಫ್ಯೂಸು. ಮಿತಿ ಮೀರಿದ ಪ್ರವಾಹ ಬಂದಾಗ ಅದರ ತೆಳುತಂತಿ ತಾನು ಕರಗಿ ಉಳಿದುದನ್ನು ಕಾಯುತ್ತದೆ. 1890ರಲ್ಲಿ ಎಡಿಸನ್ ತನ್ನ ವಿದ್ಯುತ್ ವ್ಯವಸ್ಥೆಗಾಗಿ ಇಂಥ ಫ್ಯೂಸಿಗೆ ಪೇಟೆಂಟ್ ಪಡೆದನು. ಇಂದಿನ ಎಲೆಕ್ಟ್ರಾನಿಕ್ ಬ್ರೇಕರು ಕರಗದೆಯೇ, ಇನ್ನೂ ಬೇಗನೆ ಪ್ರವಾಹವನ್ನು ಕಡಿಯುತ್ತದೆ. ದೋಷ ನೀಗಿದ ಮೇಲೆ ಮತ್ತೆ ಕೂಡಿಸುತ್ತದೆ. ಹಳಿಗಳನ್ನು ವಿಭಾಗಗಳಾಗಿಸಿ ಒಂದೊಂದಕ್ಕೂ ಒಂದು ಬ್ರೇಕರನ್ನಿಟ್ಟರೆ, ಒಂದೆಡೆಯ ತಪ್ಪಿಗೆ ಎಲ್ಲ ರೈಲುಗಳೂ ನಿಲ್ಲಬೇಕಾಗಿಲ್ಲ.

ಅನುಭವಿಯಾದ ಹವ್ಯಾಸಿಯು ರೈಲನ್ನು ಓಡಿಸುವ ಮೊದಲು ಹಳಿಗಳ ಮೇಲೆ ಅಲ್ಲಲ್ಲಿ ನಾಣ್ಯವೊಂದನ್ನು ಅಡ್ಡಲಾಗಿ ಇಟ್ಟು ನೋಡುತ್ತಾನೆ. ಬ್ರೇಕರು ಕೂಡಲೇ ಕಡಿದರೆ ಅವನಿಗೆ ನೆಮ್ಮದಿ; ಇಲ್ಲವಾದರೆ ತಂತಿಜೋಡಣೆಯನ್ನು ಮತ್ತೆ ಪರಿಶೀಲಿಸುತ್ತಾನೆ. ಅವಸರದವನಾದರೋ, ಪದೇ ಪದೇ ಕರಗುವ ಫ್ಯೂಸಿಗೆ ಬೇಸತ್ತು ಅಲ್ಲಿ ದಪ್ಪ ತಂತಿಯನ್ನು ಕಟ್ಟಿಬಿಡುತ್ತಾನೆ. ಕಳ್ಳನನ್ನು ಕಂಡು ಬೊಗಳಿದ ನಾಯಿಯ ಬಾಯಿಯನ್ನೇ ಕಟ್ಟಿದಂತೆ ಅದು. ಆಮೇಲೆ ಫ್ಯೂಸು ಉಳಿಯುತ್ತದೆ, ರೈಲು ಉರಿಯುತ್ತದೆ.