ಕೊಟ್ಟೂರಿನ ಹಾದಿಯಲ್ಲಿ ಕಾಲ್ಮರಿಯ ವಿಚಾರ

ಪೂರ್ವಕ್ಕೆ ಕೂಡ್ಲಿಗಿ, ಪಶ್ಚಿಮಕ್ಕೆ ಹರಪನಹಳ್ಳಿ, ಉತ್ತರಕ್ಕೆ ಹಗರಿಬೊಮ್ಮನಹಳ್ಳಿ, ವಾಯವ್ಯಕ್ಕೆ ಹೂವಿನಹಡಗಲಿ. ಈ ನಾಲ್ಕು ಸೀಮೆಗಳು ಕೂಡುವ ನಡುವಿನಲ್ಲಿ ಕೊಟ್ಟೂರು ನೆಲೆಸಿದೆ. 2021ರಲ್ಲಿ ಇವೆಲ್ಲವೂ ಹೊಸಪೇಟೆಯೊಡನೆ ಸೇರಿ ವಿಜಯನಗರ ಜಿಲ್ಲೆಯಾದವು. ಹರಪನಹಳ್ಳಿಯವರ ಪಾಡಂತೂ ವಿಚಿತ್ರವಾದುದು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋದರು, ಮರಳಿ ಬಳ್ಳಾರಿಗೆ ಬಂದರು, ಈಗ ವಿಜಯನಗರದವರಾಗಿದ್ದಾರೆ. ಕಚೇರಿಯ ಕಾಗದಗಳಲ್ಲಿ ಊರು ಎಲ್ಲಿಗೆ ಸೇರಿದರೂ ಮಾಘ ಬಹುಳ ಬಂತೆಂದರೆ ಈ ಸೀಮೆಯ ಜನರ ಕಾಲುಗಳು ಹೊರಡುವುದು ಕೊಟ್ಟೂರಿನ ಕಡೆಗೇ.

ಶ್ರೀ ಗುರುಬಸವೇಶ್ವರ ಸ್ವಾಮಿಯ ರಥೋತ್ಸವಕ್ಕೆ ಬಸ್ಸು, ರೈಲು, ಟ್ರ್ಯಾಕ್ಟರುಗಳಲ್ಲಿ ಬರುವವರು ಬಹಳ. ಆದರೆ ನಡೆದು ಬರುವವರೂ ಸಹಸ್ರಾರು. ದಾವಣಗೆರೆಯ ಕಡೆಯಿಂದ ಮೂರು ದಿನಗಳ ಹಾದಿ ಸವೆಸಿ ಬರುವ ತಂಡಗಳುಂಟು. ಹಾದಿಯುದ್ದಕ್ಕೂ ಹಳ್ಳಿಯವರು ನೀರು, ಮಜ್ಜಿಗೆ, ಮಂಡಕ್ಕಿ, ಚಿತ್ರಾನ್ನ ಹಿಡಿದು ನಿಂತಿರುತ್ತಾರೆ. ಉಪವಾಸವಿದ್ದ ದಲಿತ ಮಹಿಳೆಯರು ಸ್ವಾಮಿಗೆ ಆರತಿ ಬೆಳಗಿ, ಮೂಲಾ ನಕ್ಷತ್ರ ಕೂಡಿದ ಮೇಲೆ ತೇರು ಸಾಗುತ್ತದೆ. 2017ರ ಫೆಬ್ರುವರಿಯಲ್ಲಿ ಆ ತೇರು ಉರುಳಿದ ಸಂಜೆಯನ್ನು ನಮ್ಮ ಸೀಮೆಯವರು ಮರೆಯಲಾರರು. ಮರುವರ್ಷವೂ ನಡೆದು ಬರುವವರ ಸಾಲು ತುಂಡಾಗಲಿಲ್ಲ.

ಈ ನಡಿಗೆಯ ಕುರಿತು ಬರೆಯಬೇಕೆಂದು ಬಹುದಿನಗಳಿಂದ ಇತ್ತು. ಬರೆಯಲು ಹೊರಟಾಗ ಮಾತ್ರ ಮನಸ್ಸು ಮಠಗಳ ಚರಿತ್ರೆಯ ಕಡೆಗೆ ಹೋಗದೆ ಕಾಲಿನ ಕಡೆಗೆ ಹೋಯಿತು. ಅದಕ್ಕೆ ಕಾರಣವುಂಟು.

ಮಠದ ಪಾಠಶಾಲೆಯಲ್ಲಿ ನನ್ನೊಡನೆ ಓದಿದ ಮಿತ್ರರೊಬ್ಬರು ಪ್ರತಿವರ್ಷ ಹರಪನಹಳ್ಳಿಯಿಂದ ಕೊಟ್ಟೂರಿಗೆ ಬರಿಗಾಲಿನಲ್ಲಿ ನಡೆಯುವ ಹರಕೆ ಹೊತ್ತಿದ್ದರು. ಸುಮಾರು 30 ಕಿ.ಮೀ. ದಾರಿ. ಪೂರ್ವಾಭಿಮುಖವಾಗಿ ನಡೆಯುವುದರಿಂದ ಬೆಳಗಿನ ಬಿಸಿಲು ಮುಖಕ್ಕೆ, ಇಳಿಹೊತ್ತಿನದು ಬೆನ್ನಿಗೆ. ಅವರಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಕೆಲವು ವರ್ಷಗಳ ಹಿಂದೆ ನಾವಿಬ್ಬರೂ ಜೊತೆಯಾಗಿ ಹೊರಟೆವು. ಮಧ್ಯಾಹ್ನದ ಡಾಂಬರು ರಸ್ತೆಯಲ್ಲಿ ನಾನು ಅಂಚಿನ ಮಣ್ಣನ್ನು ಹುಡುಕುತ್ತ ಕುಣಿಯುವವನಂತೆ ನಡೆಯುತ್ತಿದ್ದರೆ ಅವರು ರಸ್ತೆಯ ನಡುವೆ ನಿಶ್ಚಿಂತೆಯಿಂದ ಸಾಗುತ್ತಿದ್ದರು. ಹಿಂದೆ ಬರುತ್ತಿದ್ದ ತಾಯಿಯೊಬ್ಬರು, "ಅಜ್ಜಾರಿಗೆ ಸ್ವಾಮಿ ಶಕ್ತಿ ಕೊಟ್ಟಾನ್ರಿ, ಬಿಸಿಲು ತಟ್ಟೋದೇ ಇಲ್ಲ" ಎಂದು ಕೈಮುಗಿದರು. ನಾನೂ ಹಾಗೆಯೇ ನಂಬಿದೆ. ನನ್ನ ಚರ್ಮ ಎಳಸೆಂದು ಒಳಗೊಳಗೆ ನಾಚಿಕೆಯೂ ಆಯಿತು.

ರಾತ್ರಿ ತಂಗಿದ್ದ ಮನೆಯಲ್ಲಿ ಕಾಲು ತೊಳೆಯಲು ನೀರು ಹಾಕಿದ ಹುಡುಗ ಹೌಹಾರಿದ. ಮಿತ್ರರ ಅಂಗಾಲಿನ ಚರ್ಮ ಅಂಗೈ ಅಗಲ ಸುಲಿದು ಬಂದಿತ್ತು. ಬಲಗಾಲಿನ ಕಿರುಬೆರಳಿನ ಬುಡದಲ್ಲಿ ಜಾಲಿಯ ಮುಳ್ಳೊಂದು ಮುರಿದು ಒಳಗೇ ನಿಂತಿತ್ತು. ಅವರಿಗೆ ಅದಾವುದೂ ತಿಳಿದಿರಲಿಲ್ಲ. ನಾವು ಶಕ್ತಿ ಎಂದು ಭಾವಿಸಿದ್ದು ನರಗಳು ಸತ್ತ ಲಕ್ಷಣವಾಗಿತ್ತು. ಗಾಯ ಕೀವಾಗಿ, ಕಪ್ಪಾಗಿ, ಎರಡು ತಿಂಗಳಲ್ಲಿ ಎರಡು ಬೆರಳುಗಳನ್ನು ತೆಗೆಯಬೇಕಾಯಿತು.

ಮರುವರ್ಷ ಅವರು ಮತ್ತೆ ನಡೆಯುತ್ತೇನೆಂದು ಕುಳಿತರು. ವೈದ್ಯರು ಹೇಳಿದ್ದು ಎರಡೇ ಮಾತು. ಗಾಯ ಪೂರ್ಣವಾಗಿ ಮಾಯಬೇಕು, ಮತ್ತು ಮನೆಯೊಳಗೂ ಸೇರಿದಂತೆ ಇನ್ನು ಎಲ್ಲಿಯೂ ಬರಿಗಾಲಿನಲ್ಲಿ ನಡೆಯಕೂಡದು. ದಿನಕ್ಕೆ ಇಷ್ಟಿಷ್ಟೇ ಹೆಚ್ಚಿಸುತ್ತ ಅಭ್ಯಾಸ ಮಾಡಿ, ತಕ್ಕ ಬೂಟು ಹಾಕಿಕೊಂಡು ನಡೆಯುವುದಾದರೆ ತಮ್ಮ ಅಡ್ಡಿಯಿಲ್ಲವೆಂದರು. ಮಿತ್ರರು ನನ್ನ ಕಡೆ ತಿರುಗಿ, "ಶಾಸ್ತ್ರಿಗಳೇ, ಬೂಟು ಮೆಟ್ಟಿಕೊಂಡು ಸ್ವಾಮಿಯ ಹಾದಿ ತುಳಿಯಬಹುದೇ? ನೀವೇ ಹೇಳಿ" ಎಂದರು.

ಪ್ರಶ್ನೆ ಸುಲಭದ್ದಲ್ಲ. ಬರಿಗಾಲಿನ ನಡಿಗೆ ನಮ್ಮಲ್ಲಿ ವಿನಯದ ಗುರುತು. ಅದನ್ನು ಮೂಢತನವೆಂದು ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ. ಆರೋಗ್ಯವಂತನಾದವನು ಬೆಳಗಿನ ಜಾವ ಮಣ್ಣಿನ ಹಾದಿಯಲ್ಲಿ ಬರಿಗಾಲಿನಲ್ಲಿ ನಡೆಯುವುದರಲ್ಲಿ ಒಂದು ಸುಖವೇ ಇದೆ. ಆದರೆ ಹಿಂದಿನವರು ನಡೆದ ಹಾದಿ ಮಣ್ಣಿನದು, ಇಂದಿನದು ಡಾಂಬರು. ಇನ್ನೊಂದು ಮಾತು. ಶರಣರು ಕಾಯವನ್ನು ತುಚ್ಛವೆಂದು ಕಂಡವರಲ್ಲ. ಅಂಗದ ಮೇಲೆ ಲಿಂಗವನ್ನು ಧರಿಸಿದ ಮೇಲೆ ಆ ಅಂಗವನ್ನು ಕೊಳೆಯಲು ಬಿಡುವುದು ಯಾವ ಆಚಾರ?

ಅದಲ್ಲದೆ, ಪಾದರಕ್ಷೆಯನ್ನು ನಮ್ಮ ಪರಂಪರೆಯಷ್ಟು ಎತ್ತರಕ್ಕೆ ಏರಿಸಿದ ಪರಂಪರೆ ಮತ್ತೊಂದು ಇರಲಾರದು. ಸಮಗಾರ ಹರಳಯ್ಯನವರ ಕಥೆಯನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ತನ್ನ ಒಂದು ಶರಣಿಗೆ ಪ್ರತಿಯಾಗಿ ಬಸವಣ್ಣನವರು ಎರಡು ಸಲ ಶರಣೆಂದರೆಂಬ ಋಣಭಾರದಿಂದ ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆಗಳನ್ನು ಮಾಡಿ ತಂದರು. ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರೆಂದು ಪರಂಪರೆ ಹೇಳುತ್ತದೆ. ಕಾಲಿಗೆ ಹಾಕುವ ವಸ್ತುವನ್ನು ಹೀಗೆ ತಲೆಗೇರಿಸಿದ ಮೇಲೆ, ಕೆರವೆಂದರೆ ಮೈಲಿಗೆ ಎನ್ನುವ ಮಾತಿಗೆ ನಮ್ಮಲ್ಲಿ ಜಾಗ ಎಲ್ಲಿದೆ? ಮಠದ ಹೊಸ್ತಿಲಲ್ಲಿ ಬಿಡುವುದು ಮರ್ಯಾದೆ. ಹಾದಿಯಲ್ಲಿ ಮೆಟ್ಟುವುದು ಅವಶ್ಯಕತೆ. ಮಿತ್ರರಿಗೆ ಇಷ್ಟು ಹೇಳಿದೆ. ಅವರು ಒಪ್ಪಿದರೋ, ನನ್ನ ಬಾಯಿ ಮುಚ್ಚಿಸಲು ಹೂಂಗುಟ್ಟಿದರೋ, ಇಂದಿಗೂ ತಿಳಿಯದು.

ಇನ್ನು ಬೂಟನ್ನು ಆರಿಸಬೇಕು. ನಮ್ಮಿಬ್ಬರಿಗೂ ಅದರ ಗಂಧವಿರಲಿಲ್ಲ. ನಮ್ಮ ಸೀಮೆಯ ಟೈರಿನ ಅಟ್ಟೆಯ ಕಾಲ್ಮರಿ ಗಟ್ಟಿ, ಮುಳ್ಳಿಗೆ ಜಗ್ಗುವುದಿಲ್ಲ, ಆದರೆ ಭಾರ. ಅಣ್ಣನ ಮಗ ಪೊಲೀಸ್ ನೇಮಕಾತಿಗೆಂದು 1600 ಮೀಟರ್ ಓಟವನ್ನು ಆರೂವರೆ ನಿಮಿಷದೊಳಗೆ ಮುಗಿಸಲು ನಿತ್ಯ ನಸುಕಿನಲ್ಲಿ ಓಡುತ್ತಿದ್ದವನು. ಅವನೇ ನಮಗೆ ಗುರುವಾದ. "ದೊಡ್ಡಪ್ಪಾರೆ, ನಡೆಯೋ ಬೂಟು ಬ್ಯಾಡ, ದೂರ ಓಡೋರು ಹಾಕ್ಕೊಳ್ಳೋದು ತಗೋರಿ, ಹಗುರ ಇರ್ತದೆ, ಮೆತ್ತಗೂ ಇರ್ತದೆ" ಎಂದ. ನಾನು ಲೆಕ್ಕ ಹಾಕಿ ನೋಡಿದೆ. 30 ಕಿ.ಮೀ. ಎಂದರೆ ಸುಮಾರು 40,000 ಹೆಜ್ಜೆ, ಒಂದೊಂದು ಕಾಲಿಗೆ 20,000. ಒಂದು ಬೂಟು ಇನ್ನೊಂದಕ್ಕಿಂತ ಕಾಲು ಕಿಲೋ ಹಗುರವಾದರೆ ಒಂದು ಕಾಲು ಆ ದಿನ 5,000 ಕಿಲೋ, ಅಂದರೆ 50 ಕ್ವಿಂಟಲ್ ಕಡಿಮೆ ಎತ್ತಿದಂತಾಯಿತು. ಅರವತ್ತು ದಾಟಿದ ಮಂಡಿಗೆ ಇದು ಸಣ್ಣ ಉಪಕಾರವಲ್ಲ.

ಹೊಸಪೇಟೆಯ ಅಂಗಡಿಗೆ ಹೋದದ್ದು ಸಂಜೆ. ಅದೂ ಹುಡುಗನ ಸಲಹೆಯೇ. ದಿನವೆಲ್ಲ ನಡೆದಾಡಿದ ಕಾಲು ಸಂಜೆಗೆ ಕೊಂಚ ಊದಿರುತ್ತದೆ, ದೂರ ನಡೆದಾಗಲೂ ಊದುತ್ತದೆ. ಬೆಳಿಗ್ಗೆ ಸರಿಯಾಗಿ ಕೂತ ಬೂಟು ಹಾದಿಯಲ್ಲಿ ಕಚ್ಚುವುದು ಇದರಿಂದ. ನಡಿಗೆಯ ದಿನ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿದ್ದೆವು. ಎರಡೂ ಕಾಲಿಗೆ ತೊಡಿಸಿ ನಿಲ್ಲಿಸಿ ನೋಡಬೇಕು, ಏಕೆಂದರೆ ಯಾರ ಕಾಲುಗಳೂ ಸಮವಲ್ಲ. ದೊಡ್ಡ ಕಾಲಿಗೆ ಹೊಂದುವುದನ್ನು ಕೊಳ್ಳಬೇಕು. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಬೇಕು. ಹಿಮ್ಮಡಿ ಜಾರಬಾರದು. ಬೆರಳುಗಳ ಕಡೆ ಅಗಲವಾಗಿರಬೇಕು. ನಮ್ಮ ಸೀಮೆಯ ಕಾಲು ಚಪ್ಪಲಿಯಲ್ಲಿ ಬೆಳೆದು ಹರಡಿದ ಕಾಲು. ಚೂಪುಮೂತಿಯ ಬೂಟಿನಲ್ಲಿ ಅದು ಸೆರೆಯಾಗುತ್ತದೆ. ಬೂಟನ್ನು ಕೈಯಲ್ಲಿ ಬಾಗಿಸಿದರೆ ಅದು ಬೆರಳುಗಳ ಬುಡದಲ್ಲಿ ಮಡಿಚಬೇಕು, ನಡುವಿನಲ್ಲಿ ಕಾಗದದಂತೆ ಮಡಿಚಿದರೆ ಅದನ್ನು ಕೆಳಗಿಡಿ. ಒಳಗೆ ಕೈಯಾಡಿಸಿ ಹೊಲಿಗೆಯ ಉಬ್ಬು ಇದೆಯೇ ನೋಡಬೇಕು. ಸ್ಪರ್ಶಜ್ಞಾನವಿಲ್ಲದ ಕಾಲಿಗೆ ಒಂದು ಹೊಲಿಗೆಯೇ ಹುಣ್ಣಾಗಲು ಸಾಕು.

ಮೆತ್ತೆಯ ವಿಷಯದಲ್ಲಿ ಮಿತ್ರರು ಮೋಸಹೋಗಲಿದ್ದರು. ಅಂಗಡಿಯಲ್ಲಿದ್ದ ಅತಿ ಮೆತ್ತನೆಯ ಜೋಡಿಯನ್ನು ತೊಟ್ಟು, ಹತ್ತಿಯ ಮೇಲೆ ನಿಂತಂತಿದೆ ಎಂದು ಹಿಗ್ಗಿದರು. ಅಂಗಡಿಯ ಹುಡುಗ ಬುದ್ಧಿವಂತ. "ಅಜ್ಜಾರೆ, ನಿಂತು ನೋಡಬ್ಯಾಡ್ರಿ, ನಡದು ನೋಡ್ರಿ" ಎಂದ. ನಡೆದಾಗ ಕಣಕಾಲು ಅತ್ತಿತ್ತ ಓಲಾಡಿತು. ಬೆರಳು ಕಳೆದುಕೊಂಡ ಕಾಲಿಗೆ ಮೊದಲೇ ಸಮತೋಲ ಕಡಿಮೆ. ಕೊನೆಗೆ ಆರಿಸಿದ್ದು ಅಗಲವಾದ ಅಟ್ಟೆಯ, ಮಧ್ಯಮ ಮೆತ್ತೆಯ, ಕೈಗೆ ಹಗುರವಾಗಿ ಬಂದ ಒಂದು ಜೋಡಿಯನ್ನು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೋ ನಿಗ್ ಮತ್ತು ಸಂಗಡಿಗರು 2015ರಲ್ಲಿ ಬರೆದದ್ದೂ ಇದನ್ನೇ: ಓಡುವವನು ತನ್ನ ಕಾಲಿಗೆ ಹಿತವೆನಿಸಿದ್ದನ್ನು ಆರಿಸಲಿ ಎಂದು. ಆದರೆ ಈ ಸಲಹೆ ಸ್ಪರ್ಶವಿರುವ ಕಾಲಿಗೆ. ಸ್ಪರ್ಶವಿಲ್ಲದವರ ಪರವಾಗಿ ಕಣ್ಣು, ಕೈಗಳೇ ತೀರ್ಮಾನಿಸಬೇಕು. ವೈದ್ಯರಿಗೂ ಒಮ್ಮೆ ತೋರಿಸಿಕೊಂಡೆವು.

ನಮ್ಮ ನೆಲದ್ದೇ ಒಂದು ತೊಡಕುಂಟು. ಹಗುರ ಬೂಟಿನ ಸ್ಪಂಜಿನಂಥ ಅಟ್ಟೆಯನ್ನು ಬಳ್ಳಾರಿ ಜಾಲಿಯ ಮುಳ್ಳು ಬೆಣ್ಣೆಯಂತೆ ಹೊಕ್ಕುತ್ತದೆ. ಕೂಡ್ಲಿಗಿಯ ಕಡೆಯ ಕಲ್ಲುಗುಡ್ಡಗಳ ಕಾಲುದಾರಿಯಲ್ಲಿ ನೆಗ್ಗಿಲಿನ ಕಾಟ ಬೇರೆ. ಹಡಗಲಿಯ ಎರೆಹೊಲದ ಹಾದಿ ಮಳೆ ಬಿದ್ದರೆ ಒಂದೊಂದು ಬೂಟಿಗೆ ಒಂದು ಸೇರು ಮಣ್ಣು ಅಂಟಿಸುತ್ತದೆ. ಆಗ ಹಗುರದ ಮಾತೆಲ್ಲ ಸುಳ್ಳು. ಮೈಲಾರದ ಕಾರಣಿಕದ ನೂಕುನುಗ್ಗಲಿನಲ್ಲಿಯಂತೂ ಬಿಟ್ಟ ಜೋಡು ಮರಳಿ ಸಿಕ್ಕರೆ ಪುಣ್ಯ. ಆದುದರಿಂದ ಅಭ್ಯಾಸಕ್ಕೆ ನಾವು ಆರಿಸಿಕೊಂಡದ್ದು ಜಾಲಿ ಇಲ್ಲದ ರಸ್ತೆಯಂಚನ್ನು. ಮೊದಲ ವಾರ ನಿತ್ಯ ಎರಡು ಕಿ.ಮೀ., ಪ್ರತಿವಾರ ಸ್ವಲ್ಪಸ್ವಲ್ಪ ಹೆಚ್ಚು. ಹೊಸ ಬೂಟನ್ನು ಯಾತ್ರೆಯ ದಿನವೇ ಮೊದಲು ತೊಡುವವರನ್ನು ಪ್ರತಿವರ್ಷ ಕಾಣುತ್ತೇನೆ. ಎರಡನೆಯ ಊರಿನಲ್ಲಿ ಅವರು ಕಟ್ಟೆಯ ಮೇಲೆ ಕುಳಿತು ಬೊಬ್ಬೆಗಳನ್ನು ಎಣಿಸುತ್ತಿರುತ್ತಾರೆ.

ಬರಿಗಾಲಿನ ಓಟದ ಪಕ್ಷದಲ್ಲಿ ಹುಡುಗರು ಹೇಳುವ ಮಾತೂ ಸುಳ್ಳಲ್ಲ. ಇಥಿಯೋಪಿಯಾದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಿನಲ್ಲಿ ಗೆದ್ದರು. ನಮ್ಮ ಶಿವನಾಥ್ ಸಿಂಗ್ ಬರಿಗಾಲಿನ ಓಟಕ್ಕೇ ಹೆಸರಾದವರು. 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷಗಳ ದಾಖಲೆ ಬರೆದರು. ಅದು ನಾಲ್ಕು ದಶಕಗಳಿಗೂ ಮೀರಿ ಉಳಿಯಿತು. ಆದರೆ ಅದೇ ಬಿಕಿಲ 1964ರಲ್ಲಿ ಟೋಕಿಯೋದಲ್ಲಿ ಬೂಟು ಹಾಕಿಕೊಂಡೇ ಮತ್ತೆ ಗೆದ್ದರೆಂಬುದನ್ನು ಹುಡುಗರು ಹೇಳುವುದಿಲ್ಲ.

ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕವಿದೆ. 1948ರಲ್ಲಿ ತಂದ ಭಸ್ಮ. ಅಭ್ಯಾಸದ ದಿನಗಳಲ್ಲಿ ಒಮ್ಮೆ ಮಿತ್ರರನ್ನು ಅಲ್ಲಿಗೆ ಕರೆದೊಯ್ದೆ. 1930ರಲ್ಲಿ, ಅರವತ್ತರ ವಯಸ್ಸಿನಲ್ಲಿ, ದಂಡಿಯವರೆಗೆ ಸುಮಾರು 385 ಕಿ.ಮೀ. ನಡೆದವರು ಅವರು. ದಕ್ಷಿಣ ಆಫ್ರಿಕದಲ್ಲಿ ಸ್ವತಃ ಚಪ್ಪಲಿ ಹೊಲಿಯುವುದನ್ನು ಕಲಿತು, ತಮ್ಮನ್ನು ಸೆರೆಯಲ್ಲಿಟ್ಟ ಜನರಲ್ ಸ್ಮಟ್ಸ್‌ಗೆ 1914ರಲ್ಲಿ ಒಂದು ಜೋಡು ಮಾಡಿಕೊಟ್ಟಿದ್ದರು. 1939ರಲ್ಲಿ ಸ್ಮಟ್ಸ್ ಅದನ್ನು ಗೌರವದಿಂದ ಹಿಂದಿರುಗಿಸಿದರು. ಮಿತ್ರರು ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದು, "ಹರಳಯ್ಯನ ಕೆಲಸವನ್ನೇ ಮಾಡಿದ್ದಾರಲ್ಲ" ಎಂದರು. ಬೂಟಿನ ವಿಷಯದಲ್ಲಿ ಆಮೇಲೆ ಅವರು ತಕರಾರು ತೆಗೆಯಲಿಲ್ಲ.

ಆ ವರ್ಷ ಹರಪನಹಳ್ಳಿಯಿಂದ ಬೆಳಗಿನ ನಾಲ್ಕಕ್ಕೆ ಹೊರಟೆವು. ಬಿಸಿಲೇರುವ ಮುನ್ನ ಅರ್ಧ ದಾರಿ, ಮಧ್ಯಾಹ್ನ ವಿಶ್ರಾಂತಿ, ಇಳಿಹೊತ್ತಿನಲ್ಲಿ ಉಳಿದದ್ದು. ಪ್ರತಿ ಗಂಟೆಗೊಮ್ಮೆ ಕುಳಿತು, ಬೂಟು ಬಿಚ್ಚಿ, ನಾನು ಅವರ ಅಂಗಾಲನ್ನು ನೋಡುತ್ತಿದ್ದೆ. ಕೆಂಪಾದ ಜಾಗವಿದೆಯೇ, ಒದ್ದೆಯಾದ ಕಾಲುಚೀಲ ಬದಲಿಸಬೇಕೇ ಎಂದು. ಮೊದಲ ಸಲ ಅವರು ಸಂಕೋಚದಿಂದ ಕಾಲು ಹಿಂದಕ್ಕೆಳೆದುಕೊಂಡರು. ಜಂಗಮ ಮನೆತನದ ನಾನು ಅವರ ಪಾದ ಹಿಡಿಯುವುದು ಸರಿಯಲ್ಲವೆಂದು ಅವರ ವಾದ. ಹೊಲದ ಬದುವಿನಲ್ಲಿ ಕುಳಿತು ಆ ವಾದಕ್ಕೆ ಉತ್ತರ ಕೊಡುವ ಪುರುಸೊತ್ತು ನನಗಿರಲಿಲ್ಲ.

ಮುಸ್ಸಂಜೆ ದಾಟಿದ ಮೇಲೆ ಕೊಟ್ಟೂರು ಸೇರಿದೆವು. ಗಚ್ಚಿನಮಠದ ಹೊರಗೆ ಜೋಡುಗಳ ರಾಶಿ: ಹವಾಯಿ, ಟೈರು, ಚರ್ಮ, ಮಕ್ಕಳ ಪ್ಲಾಸ್ಟಿಕ್ಕು. ನೆಲ ತಂಪಾಗಿತ್ತು. ಮಿತ್ರರು ದಪ್ಪನೆಯ ಶುಭ್ರ ಕಾಲುಚೀಲವನ್ನು ತೊಟ್ಟು, ಬೂಟುಗಳನ್ನು ಗೋಡೆಯ ಬದಿಗಿಟ್ಟು, ನನ್ನ ತೋಳು ಹಿಡಿದು, ನಾನು ನೋಡಿ ತೋರಿಸಿದ ಕಡೆಯೇ ಹೆಜ್ಜೆಯಿಟ್ಟು ಒಳಗೆ ಬಂದರು. ದರ್ಶನ ಮುಗಿಸಿ ಹೊರಬಂದಾಗ ಬೂಟು ಅಲ್ಲಿಯೇ ಇದ್ದವು. ಅವರು ಕೂಡಲೇ ಕಾಲು ತೂರಿಸಲಿಲ್ಲ. ಒಂದೊಂದನ್ನೂ ತಲೆಕೆಳಗು ಮಾಡಿ ನೆಲಕ್ಕೆ ಎರಡು ಸಲ ಬಡಿದು, ಒಳಗೆ ಕೈಹಾಕಿ ತುದಿಯವರೆಗೂ ತಡವಿದರು. ಎಡಗಾಲಿನದರಲ್ಲಿ ಜೋಳದ ಕಾಳಿನಷ್ಟು ಒಂದು ಹರಳು ಸಿಕ್ಕಿತು. ಅದನ್ನು ನನಗೆ ತೋರಿಸಿ ಎಸೆದರು.