ಬರ್ಕೊಳ್ಳಿ ಸಾ

ಶಾಮಿಯಾನದ ಕೆಳಗೆ ಜಮಖಾನೆ ಹಾಸಿದೆ. ಮುಂದೆ ಹೆಂಗಸರು ಕೂತಿದ್ದಾರೆ, ಹಿಂದಿನ ಕುರ್ಚಿಗಳಲ್ಲಿ ಗಂಡಸರು. ಮಳವಳ್ಳಿ ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಒಂದು ಊರು, 2024ರ ಅಕ್ಟೋಬರ್. ನೀವು ಪಂಚಾಯ್ತಿ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದೀರಿ. ಬಿಲ್ ಕಲೆಕ್ಟರ್ ಸಹಿ ಪುಸ್ತಕ ಹಿಡಿದು ಸಾಲು ಸಾಲು ತಿರುಗುತ್ತಿದ್ದಾರೆ. ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟಾದರೂ ಸೇರದೆ ಗ್ರಾಮಸಭೆಗೆ ಕೋರಂ ಇಲ್ಲ. "ಇನ್ನೊಂದಿಪ್ಪತ್ತು ಜನ ಬರ್ಲಿ, ತಡೀರಿ" ಎನ್ನುತ್ತಾರೆ ಯಾರೋ. ವಾಟರ್‌ಮನ್ ಬೈಕು ಹತ್ತಿ ಕೇರಿ ಕಡೆ ಹೋಗುತ್ತಾನೆ.

ಅಧ್ಯಕ್ಷೆ ಬಂದು ಕೂರುತ್ತಾರೆ. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹಿಂದಿನ ಸಭೆಯ ಅನುಪಾಲನಾ ವರದಿ ಓದುತ್ತಾರೆ: ಇಷ್ಟು ಬೀದಿದೀಪ ಹಾಕಿದ್ದಾಯಿತು, ಇಷ್ಟು ಕಂದಾಯ ಬಾಕಿ, ಇ-ಸ್ವತ್ತಿನ ಇಷ್ಟು ಅರ್ಜಿ ವಿಲೇವಾರಿ. ಇದು ಬೇಗ ಮುಗಿಯುತ್ತದೆ. ಜನ ಕಾಯುತ್ತಿರುವುದು ಬೇರೆ ಮಾತಿಗೆ.

"ನಾಲೆ ನೀರು ನಮ್ ಗದ್ದೆಗೆ ಯಾವಾಗ್ ಬತ್ತದೆ ಸಾ?" ಟವೆಲ್ ಹೆಗಲ ಮೇಲೆ ಹಾಕಿದ ಹಿರಿಯರೊಬ್ಬರು ಎದ್ದು ಕೇಳುತ್ತಾರೆ. ಕನ್ನಂಬಾಡಿ ಕಟ್ಟೆಯಿಂದ ಹೊರಟ ನೀರು ಹುಲಿಕೆರೆ ಸುರಂಗ ದಾಟಿ, ಮಂಡ್ಯದ ಕಬ್ಬು, ಮದ್ದೂರಿನ ಭತ್ತ ಮುಗಿಸಿಕೊಂಡು ಇಲ್ಲಿಗೆ ಬರುವ ಹೊತ್ತಿಗೆ ಸೊರಗಿರುತ್ತದೆ. ಊರಿನ ಹೊಟ್ಟೆಯ ಪ್ರಶ್ನೆ ಇದೇ. ಆದರೆ ತೂಬು ಎತ್ತುವ ಅಧಿಕಾರ ಇರುವುದು ಕಾವೇರಿ ನೀರಾವರಿ ನಿಗಮಕ್ಕೆ, ಪಂಚಾಯ್ತಿಗಲ್ಲ. ಪಂಚಾಯ್ತಿ ಮಾಡಬಹುದಾದ್ದು ಹೊಲಗಾಲುವೆಯ ಹೂಳು ತೆಗೆಸುವುದು. ಉದ್ಯೋಗ ಖಾತ್ರಿ ಯೋಜನೆ ನರೇಗಾದಲ್ಲಿ ಆ ವರ್ಷ ಅದಕ್ಕೆ ದಿನಕ್ಕೆ 349 ರೂಪಾಯಿ ಕೂಲಿ ಇತ್ತು. ಪಿಡಿಒ ಅದನ್ನೇ ಹೇಳುತ್ತಾರೆ. ಹಿರಿಯರು ಸ್ವಲ್ಪ ಹೊತ್ತು ನಿಂತೇ ಇದ್ದು, "ಅದಾದ್ರೂ ಮಾಡ್ಸಿ" ಎಂದು ಕೂರುತ್ತಾರೆ.

ಆಗ ಮುಂದಿನ ಸಾಲಿನಿಂದ ಒಬ್ಬಾಕೆ ಏಳುತ್ತಾರೆ. ಅವರ ಕೇರಿಯ ಚರಂಡಿ ಮಳೆ ಬಂದಾಗಲೆಲ್ಲ ಉಕ್ಕಿ ಅಂಗನವಾಡಿ ಬಾಗಿಲಿಗೆ ಬರುತ್ತದೆ.

"ಆಯ್ತಮ್ಮ, ಸೇರಿಸ್ತೀವಿ, ಕೂತ್ಕೊಳ್ಳಿ."

"ಹೋದ್ ಸಭೇಲೂ ಆಯ್ತು ಅಂದಿದ್ರಿ. ಈಗ ಬರ್ಕೊಳ್ಳಿ ಸಾ. ಬರ್ದಿದ್ದ ಓದಿ ಹೇಳಿ, ಆಮ್ಯಾಲೆ ಕೂತ್ಕತೀನಿ."

ಸಭೆ ನಿಶ್ಶಬ್ದವಾಗುತ್ತದೆ. ಕಾರ್ಯದರ್ಶಿ ನಡಾವಳಿ ಪುಸ್ತಕ ಎಳೆದುಕೊಂಡು ಬರೆಯುತ್ತಾರೆ, ಗಟ್ಟಿಯಾಗಿ ಓದುತ್ತಾರೆ. ಆಕೆ ಕೂರುತ್ತಾರೆ. ಈ ಸಭೆಯಲ್ಲಿ ನೀವು ಕಣ್ಣಿಟ್ಟು ನೋಡಬೇಕಾದ ವಸ್ತು ಮೈಕಲ್ಲ, ಆ ಪುಸ್ತಕ. ಬಾಯಿಮಾತಿಗೆ ಎಷ್ಟು ಜನ ತಲೆಯಾಡಿಸಿದರೂ ನಡಾವಳಿಗೆ ಏರದ ಬೇಡಿಕೆ ಕ್ರಿಯಾ ಯೋಜನೆಗೆ ಏರುವುದಿಲ್ಲ. ಅಲ್ಲಿಲ್ಲದ ಕಾಮಗಾರಿಗೆ ದುಡ್ಡೂ ಇಲ್ಲ. ಈ ಚರಂಡಿಗಾದರೆ ದುಡ್ಡಿನ ದಾರಿ ಇದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60ರಷ್ಟು ಆಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು. ಆಕೆಗೆ ಆ ಲೆಕ್ಕ ಗೊತ್ತಿದೆಯೋ ಇಲ್ಲವೋ, ಪುಸ್ತಕದ ಬೆಲೆ ಚೆನ್ನಾಗಿ ಗೊತ್ತಿದೆ.

ಕೇರಿಯ ಚರಂಡಿ, ಹೊಲಗಾಲುವೆ ಎಲ್ಲ ಸೇರಿದ ಪಟ್ಟಿಯ ಜೊತೆ ಈಗ ನೀವೂ ಹೊರಡಿ. ಮಳವಳ್ಳಿಯ ತಾಲ್ಲೂಕು ಪಂಚಾಯ್ತಿ ಕಚೇರಿ ಮೊದಲ ನಿಲುಗಡೆ. ನರೇಗಾ ಕೆಲಸಗಳು ಅಲ್ಲಿಂದ ಮಂಡ್ಯಕ್ಕೆ, ಜಿಲ್ಲಾ ಪಂಚಾಯ್ತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಮೇಜಿಗೆ ಹೋಗಬೇಕು. ಮದ್ದೂರಿನ ಮೇಲೆ ಹೋಗುವ ಬಸ್ಸು ಹಿಡಿಯಿರಿ. ಮದ್ದೂರಿಗೆ ಸೇರಿದ ಶಿವಪುರದಲ್ಲೇ 1938ರ ಏಪ್ರಿಲ್‌ನಲ್ಲಿ ನಿಷೇಧ ಮುರಿದು ಬಾವುಟ ಹಾರಿಸಲು ಈ ಸೀಮೆಯ ರೈತರು ಸಾವಿರಗಟ್ಟಲೆ ಸೇರಿದ್ದು. ಮೈಸೂರು ದೊರೆಯ ಸರ್ಕಾರ ಜನಕ್ಕೆ ಉತ್ತರ ಹೇಳಬೇಕು ಎಂಬುದು ಅಂದಿನ ಹಟ.

ಮಂಡ್ಯದ ಕಚೇರಿಯಲ್ಲಿ ಕಡತಗಳಿಗೆ ಕೊರತೆಯಿಲ್ಲ, ದುಡಿಯುವವರಿಗೂ ಇಲ್ಲ. ಇಲ್ಲದಿರುವುದು ಚುನಾಯಿತ ಸದಸ್ಯರು. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಅಂದಿನಿಂದ ಆಡಳಿತಾಧಿಕಾರಿಗಳೇ. ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಹಟ ಹಿಡಿದು ತಂದ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು, ಅಧಿಕಾರಿ ಅವರ ಕೈಕೆಳಗೆ. ಆ ನಾಡಿನಲ್ಲೇ ಈ ಖಾಲಿತನ ನೋಡಿದರೆ ಸಂಕಟವಾಗುತ್ತದೆ.

ಯಾಕೆಂದರೆ ಈಗಿನ ಪಂಚಾಯ್ತಿ ಕಾಯ್ದೆ ಒಂದು ಏಣಿ ಇಟ್ಟಿದೆ. ತಾಲ್ಲೂಕಿನ ಗ್ರಾಮ ಪಂಚಾಯ್ತಿ ಅಧ್ಯಕ್ಷರಲ್ಲಿ ಐದರಲ್ಲೊಂದು ಪಾಲು ಜನ ಸರದಿಯ ಮೇಲೆ ಒಂದೊಂದು ವರ್ಷ ತಾಲ್ಲೂಕು ಪಂಚಾಯ್ತಿಯಲ್ಲಿ ಕೂರುತ್ತಾರೆ. ತಾಲ್ಲೂಕು ಪಂಚಾಯ್ತಿ ಅಧ್ಯಕ್ಷರು ಜಿಲ್ಲಾ ಪಂಚಾಯ್ತಿಯ ಸದಸ್ಯರು. ನಾಲೆಯ ಕೊನೆ ಭಾಗದ ಊರಿನ ಅಧ್ಯಕ್ಷೆ ಮಳವಳ್ಳಿಯಲ್ಲಿ ಕೇಳಿದ್ದು ಮಂಡ್ಯದ ಸಭೆಯಲ್ಲಿ ಪ್ರತಿಧ್ವನಿಸಬೇಕಾದ್ದು ಹೀಗೆ. ಮೇಲಿನ ಎರಡು ಸಭೆಗಳೂ ಇಲ್ಲದೆ ಆ ಅಧ್ಯಕ್ಷೆಯ ಮಾತು ಪಂಚಾಯ್ತಿ ಜಗಲಿಯಲ್ಲೇ ನಿಂತಿದೆ, ಕಾಗದ ಮಾತ್ರ ಮೇಲೆ ಬಂದಿದೆ. ಕಾಗದ ತಡವಾದರೆ ಮಂಡ್ಯದಲ್ಲಿ ಎದ್ದುನಿಂತು "ಬರ್ಕೊಳ್ಳಿ" ಎನ್ನಲು ಮಳವಳ್ಳಿಯ ಪರವಾಗಿ ಪಂಚಾಯ್ತಿ ಸದಸ್ಯರೊಬ್ಬರೂ ಇಲ್ಲ. ಚುನಾವಣೆ ಆಗಬೇಕು, ಇನ್ನೂ ಮುಂದೂಡದೆ ಆಗಬೇಕು.